ಹಿಂದಿನ ಸೀಟಿನ ಸಾಕ್ಷಿ

ಪೈಲಟ್ ತರಬೇತಿಯಲ್ಲಿ ಮೊದಲ ದಿನವೇ ಕಲಿಸುವ ಶಿಸ್ತೊಂದಿದೆ. ಶಿಕ್ಷಕರು "ಕಂಟ್ರೋಲ್ ನನ್ನದು" ಎಂದರೆ ವಿದ್ಯಾರ್ಥಿ ತಕ್ಷಣ ಕೈ ತೆಗೆಯಬೇಕು. ಆ ಬೆಳಿಗ್ಗೆ ನಮ್ಮ ಪುಟ್ಟ ವಿಮಾನ ಇನ್ನೇನು ರನ್‌ವೇ ಮುಟ್ಟಬೇಕು ಅನ್ನುವಾಗ ನನ್ನ ಶಿಕ್ಷಕರು ಹಾಗೆಂದರು. ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ವಿಮಾನ ಒಮ್ಮೆ ಪುಟಿದು, ಮೂತಿ ಕೆಳಗಾಗಿ ಬಡಿಯಿತು. ಮುಂದಿನ ಚಕ್ರ ಮುರಿದು, ಜಾರುತ್ತ ಹೋಗಿ ಹುಲ್ಲಿನ ಮೇಲೆ ನಿಂತೆವು. ಯಾರಿಗೂ ಗಾಯವಾಗಲಿಲ್ಲ.

ವಿಚಾರಣೆಯಲ್ಲಿ ಶಿಕ್ಷಕರು, ಕೊನೆಯವರೆಗೂ ಕಂಟ್ರೋಲ್ ಹುಡುಗಿಯ ಕೈಯಲ್ಲೇ ಇತ್ತು ಎಂದುಬಿಟ್ಟರು. ನಾನು ಹೆದರಲಿಲ್ಲ. ಹಿಂದಿನ ಸೀಟಿನಲ್ಲಿ, ನೋಡಿ ಕಲಿಯಲು ಕೂತಿದ್ದವನು ಹೊಸನಗರದ ನನ್ನ ಗೆಳೆಯ. ರಜೆಯಲ್ಲಿ ಕೋಣಂದೂರಿನ ನಮ್ಮ ಮನೆಗೆ ಬಂದರೆ, ಅಡುಗೆಮನೆಯಲ್ಲಿ ಒಗ್ಗರಣೆ ಚಟಗುಟ್ಟಿದ್ದು ಕೇಳಿ ಜಗಲಿಯಿಂದ ಎದ್ದು ಬರುವಷ್ಟು ಚುರುಕು ಕಿವಿ ಅವನದು. ನಮ್ಮಿಬ್ಬರ ಮಾತೂ ಕೇಳಿಸುವ ಹೆಡ್‌ಸೆಟ್ ಹಾಕಿಕೊಂಡಿದ್ದ ಅದೇ ಪುಣ್ಯಾತ್ಮ ನೆಲ ನೋಡುತ್ತ, "ನನಗೇನೂ ಕೇಳಿಸಲಿಲ್ಲ" ಎಂದ. ಅವನನ್ನು ಪಾಸು ಮಾಡಬೇಕಾದವರೂ ಅದೇ ಶಿಕ್ಷಕರು. ಉಂಡ ಮನೆಗೆ ಎರಡು ಬಗೆದ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನನ್ನನ್ನು ತರಬೇತಿಯಿಂದ ತೆಗೆದು ಮನೆಗೆ ಕಳಿಸಿದರು. ಅವನೊಬ್ಬ ನಿಜ ಹೇಳಿದರೆ ಮರಳಿ ಸೇರಬಹುದಿತ್ತು.

ನಮ್ಮ ಕಡೆ ಇಂಥದ್ದಕ್ಕೆ ಒಂದು ದಾರಿಯಿದೆ. ಅಡಿಕೆ ಕದ್ದರೂ, ಬೇಲಿ ಸರಿಸಿದರೂ, ಪೊಲೀಸರಿಗಿಂತ ಮೊದಲು ದೇವಿಯ ಮುಂದೆ ಆಣೆ. ಅಲ್ಲಿ ಸುಳ್ಳು ಹೇಳಲು ಎಂಥವನಿಗೂ ನಾಲಿಗೆ ಏಳುವುದಿಲ್ಲ. ಅವನು ರಜೆಗೆ ಊರಿಗೆ ಬಂದಿದ್ದು ಗೊತ್ತಾದದ್ದೇ, ಅಮ್ಮ ಸೆರಗು ಸಿಕ್ಕಿಸಿಕೊಂಡು ಹೊಸನಗರದ ಬಸ್ಸಿಗೆ ಹೊರಟಳು.

"ಆಣೆಗೆ ಕರೀತೀನಿ. ಅವ್ನ ಬಾಯಲ್ಲೇ ನಿಜ ಹೇಳಿಸ್ತೀನಿ, ನೀ ಸುಮ್ನಿರು."

ಸಂಜೆ ಬಂದವಳು ಜಗಲಿಯಲ್ಲಿ ಕೂತಳು. ನೀರು ಕೊಟ್ಟೆ.

"ಬರ್ತಾನಂತಾ?"

"ಬರ್ತಾನಂತೆ. ಆದ್ರೆ ಮೊದ್ಲು ನೀನು ಆಣೆ ಹಾಕ್ಬೇಕಂತೆ."

"ಅದಕ್ಕೆ ನೀ ಎಂತ ಅಂದೆ?"

ಅಮ್ಮ ಲೋಟ ಕೆಳಗಿಟ್ಟಳು. "ಹಾಕಿಬಿಡು ಮಗಾ. ನಂಗೂ ಸಮಾಧಾನ ಆಗ್ತದೆ."

ನಂಗೂ ಅಂದಳು. ಗೆಳೆಯ ಮಾಡಿದ್ದು ದ್ರೋಹ ಅಂತ ಬೈದುಕೊಳ್ಳಬಹುದಿತ್ತು. ಹೆತ್ತವಳ ಅನುಮಾನಕ್ಕೆ ಏನೆಂದು ಬೈಯಲಿ?

ಸಾಗರ ಪೇಟೆಯಿಂದಾಚೆ ಇರುವ ಆ ದೇವಿಯ ದೇವಸ್ಥಾನಕ್ಕೆ ಹೋದೆವು. ಗೆಳೆಯ ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ದೀಪದ ಮುಂದೆ ನಾನೊಬ್ಬಳೇ, ಕೈ ತೆಗೆದಿದ್ದೆ ಎಂದು ಆಣೆ ಹಾಕಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಹಗುರಾಗಿದ್ದಳು.

"ನಂಗೆ ಮೊದ್ಲೇ ಗೊತ್ತಿತ್ತು ಮಗಾ" ಎಂದು ನನ್ನ ಕೈ ಹಿಡಿದುಕೊಂಡಳು.

ನಾನು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ.