ಹನ್ನೆರಡು ಕಂಬದ ಕಥೆ

ನಾನು ಓದುವುದರಲ್ಲಿ ಶೂರ, ನಡೆಯುವುದರಲ್ಲಿ ಅಷ್ಟಕ್ಕಷ್ಟೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಹಗುರ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮಾರನೆಯ ದಿನದಿಂದ ನಮ್ಮೂರ ಪಂಚಾಯ್ತಿ ಗ್ರಂಥಾಲಯದಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ನನ್ನದು. ಹಾಗೆಂದು ಯಾರೂ ಬರೆದುಕೊಟ್ಟಿಲ್ಲ. ಆದರೆ ಬೇರೆಯವರು ಅದರಲ್ಲಿ ಕೂತರೆ ನಾನು ಪಕ್ಕದ ಕಪಾಟಿನ ಮುಂದೆ ನಿಂತು ಕೆಮ್ಮುತ್ತೇನೆ. ಎರಡನೆಯ ಕೆಮ್ಮಿಗೇ ಅವರು ಎದ್ದು ಹೋಗುತ್ತಾರೆ. ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ, ನಡುವೆ ಸಣ್ಣದೊಂದು ತೂಕಡಿಕೆ. ಸುಖವಾಗಿದ್ದೆ.

ಹೂವಿನಹಡಗಲಿಯ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ ಈ ಸುಖಕ್ಕೆ ಕಲ್ಲು ಹಾಕಿದರು. "ಮೂರು ತಿಂಗಳು ಕೊಡ್ತೀನ್ರಿ. ದಿನಾ ನಡೀರಿ. ಸಕ್ಕರಿ ಇಳೀಲಿಲ್ಲಂದ್ರ ದಿನಾ ಇಂಜೆಕ್ಷನ್."

ನನಗೆ ಸೂಜಿಯೆಂದರೆ ಜೀವವೇ ಹೋಗುತ್ತದೆ. ಶಾಲೆಗೆ ಲಸಿಕೆ ಹಾಕುವವರು ಬಂದ ದಿನ, ಮಕ್ಕಳು ಸಾಲಾಗಿ ನಿಂತು ತೋಳು ಚಾಚುತ್ತಿದ್ದರೆ ನಾನು ಬಿಸಿಯೂಟದ ಕೋಣೆಯಲ್ಲಿ ಬೇಳೆ ಬೆಂದಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದೆ. ಅಂಥವನಿಗೆ ದಿನವೂ ಇಂಜೆಕ್ಷನ್! ನನ್ನ ಹೆಂಡತಿಗೆ ಮಾತ್ರ ಒಂದಿಷ್ಟೂ ಕನಿಕರ ಬರಲಿಲ್ಲ. "ಊರಾಗಿನ ಪುಸ್ತಕ ಎಲ್ಲಾ ಓದಿ ಮುಗಿಸೀರಿ. ಒಂದು ಸುತ್ತು ತಿರುಗಾಡಿ ಬರಾಕ ಆಗಂಗಿಲ್ಲೇನ್ರಿ?" ಎಂದಳು.

ಇದೇ ಹೊತ್ತಿಗೆ ಗ್ರಂಥಾಲಯವೂ ನನಗೆ ಎದುರು ನಿಂತಿತು. ಅಲ್ಲಿನ ಮೇಲ್ವಿಚಾರಕಿ ಸರೋಜಮ್ಮ ಮಿತಭಾಷಿ. ಮಾತಿಗಿಂತ ಕೈ ಮುಂದು. ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಪತ್ರಿಕೆಗಳೆಲ್ಲ ಎದೆಯೆತ್ತರದ ಇಳಿಜಾರು ಹಲಗೆಗೆ ಏರಿವೆ. ಇನ್ನು ನಿಂತೇ ಓದಬೇಕು. ನನ್ನ ಕುರ್ಚಿ ಮಕ್ಕಳ ವಿಭಾಗಕ್ಕೆ ವರ್ಗವಾಗಿದೆ. ಅಷ್ಟು ಸಾಲದೆಂಬಂತೆ 'ಓದುನಡಿಗೆ' ಎಂಬ ಹೊಸ ಏರ್ಪಾಡು. ಪ್ರತಿ ಸೋಮವಾರ ಒಂದು ಕಥೆಯ ಹಾಳೆಗಳಿಗೆ ಪ್ಲಾಸ್ಟಿಕ್ ಹೊದಿಸಿ, ಕೆರೆ ಏರಿಯ ಮೇಲಿನ ಹನ್ನೆರಡು ದೀಪದ ಕಂಬಗಳಿಗೆ ಕಂಬಕ್ಕೊಂದರಂತೆ ಕಟ್ಟುವುದು. ಓದುತ್ತ ನಡೆಯುವುದು, ನಡೆಯುತ್ತ ಓದುವುದು. ಭಾನುವಾರ ಗ್ರಂಥಾಲಯದಲ್ಲಿ ಎಲ್ಲರೂ ಕೂಡಿ ಅದರ ಬಗ್ಗೆ ಮಾತಾಡುವುದು.

"ನಮ್ಮೂರಾಗ ಓದೋರು ನಡ್ಯಂಗಿಲ್ಲ, ನಡ್ಯೋರು ಓದಂಗಿಲ್ಲ ಸರ," ಎಂದರು ಸರೋಜಮ್ಮ. ಮೊದಲರ್ಧ ಹೇಳುವಾಗ ಯಾರನ್ನು ನೋಡಿದರೆಂದು ಬಿಡಿಸಿ ಹೇಳಬೇಕಿಲ್ಲ.

ಜನ ಬಂದರು. ಮಲ್ಲಿಗೆ ಬಿಡಿಸಿ ಬುಟ್ಟಿಗಳನ್ನು ಬಸ್ಸಿಗೇರಿಸಿದ ಹೆಂಗಸರು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಒಬ್ಬಳು ಗಟ್ಟಿಯಾಗಿ ಓದಿದರೆ ಉಳಿದವರು ಕೇಳುತ್ತ, ಕಂಬದಿಂದ ಕಂಬಕ್ಕೆ ಸಾಗುತ್ತಿದ್ದರು. ನಾನು ಮೂರನೆಯ ಕಂಬ ಮುಟ್ಟಿ ತೂಬಿನ ಕಲ್ಲಿನ ಮೇಲೆ ಕೂತುಬಿಡುತ್ತಿದ್ದೆ. ಕೂತವನಿಗೆ ಸಮರ್ಥನೆಗಳು ತಾವಾಗಿ ಹೊಳೆಯುತ್ತವೆ. ನಮ್ಮ ಸೀಮೆಯಲ್ಲಿ ಕಥೆ ಯಾವತ್ತೂ ನಡೆದೇ ಬಂದದ್ದು ನಿಜ. ಕಂಬಳಿ ಹೊದ್ದ ಮೈಲಾರದ ಗೊರವಯ್ಯ ಡಮರುಗ ಬಾರಿಸಿ ದೇವರ ಕಥೆ ಹಾಡುತ್ತ ಊರೂರು ತಿರುಗಿದವನೇ. ಆದರೆ ಎತ್ತಿನ ಮೇಲೆ ಕೂತು ಬಂದು, ಕೂತಲ್ಲಿಂದಲೇ ಮನೆತನದ ಏಳು ತಲೆಮಾರು ಹೇಳಿ ಮುಗಿಸುವ ಹೆಳವರೂ ನಮ್ಮಲ್ಲಿದ್ದಾರಲ್ಲ. ವಿದ್ಯೆಗೂ ಕಾಲಿಗೂ ಸಂಬಂಧವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ನನಗೊಂದು ಎತ್ತು ಇರಲಿಲ್ಲ, ಅಷ್ಟೇ.

ಉಳಿದ ಒಂಬತ್ತು ಕಂಬಗಳಿಗೆ ನಾನು ಉಪಾಯ ಹುಡುಕಿದೆ. ಹಾಲಪ್ಪ ಎಂಬ ಕುರಿಗಾರ ಬೆಳಿಗ್ಗೆ ಕುರಿಗಳಿಗೆ ನೀರು ಕುಡಿಸಿ ಏರಿಯ ಮೇಲೆಯೇ ಹಿಂಡು ಹೊಡೆದುಕೊಂಡು ಹೋಗುತ್ತಾನೆ. ಏಳನೆಯ ತರಗತಿವರೆಗೆ ನನ್ನಲ್ಲೇ ಓದಿದವನು. ಕಥೆಯ ಹಾಳೆ ಹೊಸದಾಗಿ ಬಂದ ದಿನವೇ ಹನ್ನೆರಡೂ ಕಂಬ ಓದಿ ಮುಗಿಸುತ್ತಾನೆ. ಅವನನ್ನು ತಡೆದು, "ಹಾಲಪ್ಪಾ, ಆ ಮುದುಕಿ ಬುಟ್ಟಿ ತಗಂಡು ಬಸ್ ಹತ್ತಿದ್ಲಲ್ಲ, ಮುಂದೇನಾತು?" ಎಂದೆ. ಆ ವಾರದ ಕಥೆಯಲ್ಲಿ ಒಬ್ಬ ಮುದುಕಿ ಬಟ್ಟೆ ಬಿಗಿದ ಬುಟ್ಟಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟಿದ್ದಳು. ಒಳಗೇನಿದೆಯೆಂದು ಯಾರಿಗೂ ಹೇಳುತ್ತಿರಲಿಲ್ಲ.

"ಹೇಳ್ತೀನಿ ಬರ್ರಿ ಮೇಷ್ಟ್ರ. ಕುರಿ ನಿಂದ್ರಂಗಿಲ್ಲ," ಎಂದವನೇ ನಡೆದುಬಿಟ್ಟ.

ಕುರಿ ನಿಲ್ಲದಿದ್ದರೆ ಕುರಿಗಾರ ನಿಲ್ಲುವುದಿಲ್ಲ, ಕುರಿಗಾರ ನಿಲ್ಲದಿದ್ದರೆ ಕಥೆ ನಿಲ್ಲುವುದಿಲ್ಲ. ನಾನು ಹಿಂದೆ ಹಿಂದೆ ಹೋದೆ. ಕಂಬಗಳ ಮುಂದೆ ನಿಂತು ಓದಲು ಪುರುಸೊತ್ತೇ ಇರಲಿಲ್ಲ. ಏರಿ ಮುಗಿಯಿತು, ಶೇಂಗಾ ಹೊಲಗಳನ್ನು ದಾಟಿದ್ದಾಯಿತು, ಕರಿಜಾಲಿಯ ಗುಡ್ಡದ ಬುಡ ಬಂತು. ಅಲ್ಲಿ ಹಾಲಪ್ಪ ಕೋಲಿಗೆ ಗದ್ದ ಊರಿ ನಿಂತು, "ಉಳದದ್ದು ನಾಳಿಗೆ," ಎಂದ. ಬೈದುಕೊಂಡು ವಾಪಸಾದೆ. ಮರುದಿನ ಮತ್ತೆ ಹೋದೆ. ಬುಟ್ಟಿಯಲ್ಲಿ ಕಾಲು ಮುರಿದ ಕುರಿಮರಿ ಇದೆಯೆಂದು ತಿಳಿಯುವ ಹೊತ್ತಿಗೆ ಶುಕ್ರವಾರವಾಗಿತ್ತು.

ಭಾನುವಾರ ಗ್ರಂಥಾಲಯದಲ್ಲಿ ನಾನೇ ಮೊದಲು ಎದ್ದು ನಿಂತೆ. ಆ ಕುರಿಮರಿಯಲ್ಲಿ ಲೇಖಕರು ಮಾನವಕುಲದ ಅಸಹಾಯಕತೆಯನ್ನು ಹೇಗೆ ಹಿಡಿದಿಟ್ಟಿದ್ದಾರೆಂದು ಕಾಲು ಗಂಟೆ ವಿವರಿಸಿದೆ. ಸಭೆ ಬಹಳ ಗಂಭೀರವಾಗಿತ್ತು. ಅದನ್ನು ಮೆಚ್ಚುಗೆ ಎಂದುಕೊಂಡೆ.

"ಸರ," ಎಂದರು ಸರೋಜಮ್ಮ ಮೆಲ್ಲಗೆ, "ಬುಟ್ಟ್ಯಾಗ ಇರೋದು ರಿಪೇರಿಗೆ ಒಯ್ಯೋ ಗೋಡಿ ಗಡಿಯಾರ. ಕಥ್ಯಾಗ ಕುರಿನ ಇಲ್ಲಲ್ರಿ."

ಮಲ್ಲಿಗೆಯ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ. ಮೂವತ್ತು ವರ್ಷ ಪಾಠ ಮಾಡಿದವನ ಮಾನ ಅರ್ಧ ನಿಮಿಷದಲ್ಲಿ ಹರಾಜಾಯಿತು. ಮರುದಿನ ಸಿಟ್ಟಿನಿಂದ ಏರಿಯ ಉದ್ದಕ್ಕೂ ದಾಪುಗಾಲು ಹಾಕಿ ಹೋಗಿ ಹಾಲಪ್ಪನನ್ನು ಹಿಡಿದೆ.

ಅವನೇನೂ ಅಳುಕಲಿಲ್ಲ. "ಗಡಿಯಾರ ಕೂಗಂಗಿಲ್ಲ ಮೇಷ್ಟ್ರ. ಮರಿಯಾದ್ರ ಬಸ್ನ್ಯಾಗ ಬ್ಯಾ ಅಂತೈತಿ, ಕಂಡಕ್ಟರ್ ತಿರುಗಿ ನೋಡ್ತಾನ. ಮಜಾ ಬರತೈತಿ." ವಿಮರ್ಶೆಯಾಗಿ ಇದನ್ನು ತಳ್ಳಿಹಾಕುವಂತಿರಲಿಲ್ಲ. ಅವನು ಹಿಂಡಿನ ಕಡೆ ಕೋಲು ಬೀಸಿ ಮುಂದುವರಿಸಿದ: "ಇದ್ದದ್ದನ್ನ ಇದ್ದಂಗ ಹೇಳಿದ್ರ ನೀವು ಏರಿ ಮ್ಯಾಲಿಂದನ ಹೊಳ್ಳಿ ಹೋಗಿಬಿಡ್ತಿದ್ರಿ. ದಿನಾ ಒಬ್ಬನ ನಡೀತೀನ್ರಿ ನಾನು. ಅದಕ್ಕ ಕಥಿ ಎಳದೆ. ಸಾಲ್ಯಾಗ ನೀವೂ ಹಂಗ ಮಾಡ್ತಿದ್ರಲ್ರೀ, ಗಂಟಿ ಹೊಡಿಯೋ ಹೊತ್ತಿಗೆ ಕಥಿ ನಿಲ್ಲಿಸಿ? ಮರುದಿನ ಅದನ್ನ ಕೇಳಾಕಂತನ ಸಾಲಿಗೆ ಬರ್ತಿದ್ದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ನಾನು ಹೇಳಿಕೊಟ್ಟ ವ್ಯಾಕರಣವನ್ನು ಎಲ್ಲರೂ ಮರೆತಿದ್ದಾರೆ. ಇದೊಂದನ್ನು ಇವನು ಇಷ್ಟು ವರ್ಷ ಜತನದಿಂದ ಇಟ್ಟುಕೊಂಡಿದ್ದನಲ್ಲ. "ಮುಂದ ಆ ಮರಿ ಏನಾತು?" ಎಂದು ಕೇಳಿದೆ. ಕುರಿಗಳು ಆಗಲೇ ಹೊರಟಿದ್ದವು.

ಮೂರು ತಿಂಗಳಾದ ಮೇಲೆ ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು. ಸಕ್ಕರೆ ಇಳಿದಿತ್ತು. ಇಂಜೆಕ್ಷನ್ ತಪ್ಪಿತು. ಏನು ವ್ಯಾಯಾಮ ಮಾಡಿದಿರೆಂದು ಕೇಳಿದರು. "ಕಥೆ ಕೇಳಿದೆ," ಎಂದೆ. ಅವರಿಗೆ ಅರ್ಥವಾದಂತೆ ಕಾಣಲಿಲ್ಲ.

ಈಗ ಸೋಮವಾರ ಹನ್ನೆರಡೂ ಕಂಬಗಳನ್ನು ನಾನೇ ಓದುತ್ತೇನೆ, ಹಾಲಪ್ಪನ ಸುಳ್ಳು ಎಲ್ಲಿಂದ ಶುರುವಾಗುತ್ತದೆಂದು ತಿಳಿಯಲಿಕ್ಕೆ. ಆಮೇಲೆ ಆ ಸುಳ್ಳು ಕೇಳಲಿಕ್ಕೆ ಗುಡ್ಡದ ತನಕ ಹೋಗುತ್ತೇನೆ. ಸರೋಜಮ್ಮ ಕುರ್ಚಿಯನ್ನು ಮತ್ತೆ ಫ್ಯಾನಿನ ಕೆಳಗೆ ತಂದಿಟ್ಟಿದ್ದಾರೆ. ಮೊನ್ನೆ ಅದರಲ್ಲಿ ಯಾರೋ ಹೊಸಬರು ಕೂತಿದ್ದರು. ನಾನು ಕೆಮ್ಮಲಿಲ್ಲ. ನನ್ನ ಕುರಿಮರಿ ಭಾಷಣದ ಸುದ್ದಿ ಅವರ ಕಿವಿಗೂ ಬಿದ್ದಿತ್ತೇನೋ, ಅವರೇ ತಲೆಯೆತ್ತಿ, "ಮೇಷ್ಟ್ರ, ಆ ಮುದುಕಿ ಬುಟ್ಟ್ಯಾಗ ಖರೇ ಏನಿತ್ರಿ?" ಎಂದು ಕೇಳಿದರು.

ನಾನು ಚಪ್ಪಲಿ ಮೆಟ್ಟಿಕೊಂಡೆ. "ಏಳ್ರಿ, ನಡಕೊಂತ ಹೇಳ್ತೀನಿ."