ದೋಸೆ ಐತನ ಬೇರೆ ತಟ್ಟೆ

ಐತ ಮುಂಬಯಿ ಗ್ರಾಂಟ್ ರೋಡಿನ ನಮ್ಮ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಅಡಿಗೆಗೆ ನಾನು, ಕಾವಲಿಗೆ ಅವನು. ಹೆಂಡತಿ ಮಕ್ಕಳಿಲ್ಲ, ಮಲಗುವುದೂ ಹೋಟೆಲಿನ ಮಾಳಿಗೆಯಲ್ಲೇ. ಊರಿನ ಚಾ ಅಂಗಡಿಯಲ್ಲಿ ಅವನ ಜಾತಿಯವರ ಗ್ಲಾಸು ಹೊರಗೆ ಸೂರಿನಡಿ ಇರುತ್ತಿತ್ತಂತೆ. ಕುಡಿದು, ತಾವೇ ತೊಳೆದು, ಅಲ್ಲೇ ಇಡಬೇಕು. ಅದು ಬೇಡವೆಂದೇ ಚಿಕ್ಕಂದಿನಲ್ಲಿ ಮುಂಬಯಿಯ ಬಸ್ಸು ಹತ್ತಿದ. ಇಲ್ಲಿ ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ ಕೆಲಸದವರೆಲ್ಲ ಅಡಿಗೆಮನೆಯ ನೆಲದಲ್ಲಿ ಸಾಲಾಗಿ ಕೂತು ಉಣ್ಣುತ್ತೇವೆ. ಐತನದು ಮಾತು ಕಡಿಮೆ, ಆದರೆ ಆ ಸಾಲು ತಪ್ಪಿಸಿದವನಲ್ಲ.

ಈ ವರ್ಷ ಮಾಟುಂಗದ ಸಂಘವೊಂದು ಪುಕ್ಕಟೆ ರಕ್ತಪರೀಕ್ಷೆ ಇಟ್ಟಿತು. ಐತನಿಗೆ ಲಿವರಿನ ಎನ್ಜೈಮ್ ಎಂಬುದು ಜಾಸ್ತಿ ಬಂತು. ತರಕಾರಿ ಹೆಚ್ಚುವ ನೀಲಾವತಿಗೂ ಜಾಸ್ತಿ. ಅವಳು ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಸಯನ್ನಿನ ಮನೆಗೆ ಹೋಗಿ ಉಣ್ಣುವವಳು, ಅವಳನ್ನು ಯಾರೂ ಕೇಳಲಿಲ್ಲ. ಮ್ಯಾನೇಜರ್ ಹಿತೇಶ್ ಐತನನ್ನು ಹಿಡಿದುಕೊಂಡ.

“ಲಿವರ್ ಅಂದ್ರೆ ಕಾಮಾಲೆ. ಪೀಲಿಯಾ! ಎಲ್ಲರಿಗೂ ಅಂಟ್ತದೆ ಮಾರಾಯ. ಕಾವಲಿ ಬಿಡು.”

ಐತನ ತಟ್ಟೆಗೆ ಕೆಂಪು ಬಣ್ಣ ಬಳಿದು ಹಿಂದಿನ ಮೆಟ್ಟಿಲ ಮೇಲೆ ಇಟ್ಟರು. ಅವನು ಜಗಳ ಮಾಡಲಿಲ್ಲ. ಉಂಡ, ತಾನೇ ತೊಳೆದ, ಅಲ್ಲೇ ಕವುಚಿಟ್ಟ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸೌಟು ಎಸೆದೆ.

“ನೀನೆಂತ ಡಾಕ್ಟ್ರಾ? ಯಾವ ಕಾಲೇಜು?” ಎಂದು ಹಿತೇಶನಿಗೆ ಕೂಗಿ, ಐತನನ್ನೂ ನೀಲಾವತಿಯನ್ನೂ ಕರೆದುಕೊಂಡು ಲೋಕಲ್ ರೈಲು ಹತ್ತಿದೆ.

ಸಯನ್ನಿನ ಆಸ್ಪತ್ರೆಯ ಡಾಕ್ಟರಮ್ಮ ಕನ್ನಡದವರು. “ಇದು ಅಂಟುವ ಕಾಮಾಲೆ ಅಲ್ಲ. ಲಿವರಿಗೆ ಕೊಬ್ಬು ಹಿಡಿದಿದೆ. ಆದ್ರೆ ಈ ನಂಬರ್ ಏರಿದವರಿಗೆ ಹಾರ್ಟಿನ ತೊಂದರೆ ಬರುವ ಸಂಭವ ಜಾಸ್ತಿ. ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ಇಬ್ಬರೂ ಹಾರ್ಟ್ ತೋರಿಸಿ” ಎಂದರು.

ನೀಲಾವತಿಯ ಹಾರ್ಟ್ ಸರಿ ಇತ್ತು. ಐತನ ಹಾರ್ಟಿನ ರಕ್ತನಾಳ ಕಟ್ಟಿಕೊಳ್ಳಲು ಶುರುವಾಗಿತ್ತು. ಮಾತ್ರೆ ಬರೆದರು, ಎಣ್ಣೆ, ಉಪ್ಪು ಕಡಿಮೆ ಮಾಡಲೇಬೇಕೆಂದರು. ಹೊರಗೆ ಬಂದವನೇ ಐತ ನಕ್ಕ.

“ಎಂತಕ್ಕೆ ನಗುದು?”

“ಹಾರ್ಟ್ ಅಂಟುದಿಲ್ಲಲ್ಲ ಅಣ್ಣಾ.”

“ಇವನಿಗೆ ಹಾರ್ಟ್ ಹೋದ್ರೂ ಅಡ್ಡಿಯಿಲ್ಲ, ತಟ್ಟೆ ಒಳಗೆ ಬಂದ್ರೆ ಆಯ್ತು!” ಎಂದಳು ನೀಲಾವತಿ.

ಡಾಕ್ಟರಮ್ಮನ ಚೀಟಿಯನ್ನು ಹಿತೇಶನ ಮುಂದೆ ಹಿಡಿದ ಮೇಲೆ ಐತನಿಗೆ ಕಾವಲಿ ಸಿಕ್ಕಿತು, ಸಾಲೂ ಸಿಕ್ಕಿತು. ನಾನು ಅವನಿಗೆಂದು ಬೇರೆ ಪಾತ್ರೆಯಲ್ಲಿ ಎಣ್ಣೆ ಹಾಕದ ಪಲ್ಯ, ಸಪ್ಪೆ ಸಾರು ಮಾಡಿಟ್ಟೆ. ಮುಟ್ಟಲಿಲ್ಲ.

“ಎಲ್ಲರಿಗೆ ಬಡಿಸಿದ್ದೇ ಹಾಕಿ.”

“ಸಾಯ್ತೀಯಾ ಬೇವಾರ್ಸಿ!”

“ಬೇರೆ ಬೇಡ ಅಣ್ಣಾ.”

ಮರುದಿನದಿಂದ ಕೆಲಸದವರೆಲ್ಲರಿಗೂ ಅದೇ ಸಪ್ಪೆ ಅಡಿಗೆ ಮಾಡಿದೆ. ಐತ ತಕರಾರಿಲ್ಲದೆ ಉಂಡ. ಹಿತೇಶ್ “ಆಸ್ಪತ್ರೆ ಊಟ” ಎಂದು ಎದ್ದುಹೋದ. ಒಬ್ಬ ವಡಾ ಪಾವ್ ತಂದುಕೊಂಡ. ಉಳಿದವರು ಗಿರಾಕಿಗಳ ಸಾಂಬಾರು ಬಗ್ಗಿಸಿಕೊಂಡು ಹೊರಗಿನ ಮೇಜಿಗೆ ಹೋದರು. ಬಾಯಿಗೆ ಬಂದಂತೆ ಬೈದೆ. ಯಾರೂ ಬರಲಿಲ್ಲ.

ಈಗ ನೆಲದಲ್ಲಿ ನಾವಿಬ್ಬರೇ. ಅಷ್ಟು ದೊಡ್ಡ ಅಡಿಗೆಮನೆ ಖಾಲಿ ಬಿದ್ದಿದ್ದರೂ ಐತ ಗೋಡೆಗೆ ಒತ್ತಿ, ಮಂಡಿ ಮಡಚಿ ಕೂರುತ್ತಾನೆ, ಪಕ್ಕದಲ್ಲಿ ಇನ್ನೂ ಯಾರೋ ಕೂರಲಿಕ್ಕಿದ್ದಾರೆ ಎನ್ನುವ ಹಾಗೆ.