ಕಂಪ್ಯೂಟರ್ ಕೋಣೆಯ ಪಿ.ಟಿ. ಸರ್

ಅವರ ಕೊರಳಲ್ಲಿ ಯಾವಾಗಲೂ ಎರಡು ದಾರ. ಒಂದರಲ್ಲಿ ಉಕ್ಕಿನ ಸೀಟಿ, ಇನ್ನೊಂದರಲ್ಲಿ ಕೆಂಪು ಪೆನ್‌ಡ್ರೈವ್. ಮೈದಾನದಲ್ಲಿ ಓಡುವಾಗ ಎರಡೂ ಎದೆಯ ಮೇಲೆ ಕುಣಿದು, ಒಂದಕ್ಕೊಂದು ಬಡಿದು ಟಕಟಕ ಅನ್ನುತ್ತಿದ್ದವು. ಒಮ್ಮೊಮ್ಮೆ ಅವಸರದಲ್ಲಿ ಸೀಟಿಯೆಂದು ಪೆನ್‌ಡ್ರೈವನ್ನೇ ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ಊದಿ, "ಯಾಕ ಸಪ್ಪಳಾನ ಬರವಲ್ದಲ್ಲಪಾ?" ಎಂದು ಅದನ್ನು ತಿರುಗಿಸಿ ನೋಡುತ್ತಿದ್ದರು.

ಬ್ಯಾಡಗಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಸರ್. ಕಬಡ್ಡಿ, ಖೋಖೋ ಅವರ ವಿಷಯ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಕಂಪ್ಯೂಟರ್ ಕಲಿಸುತ್ತಿದ್ದವರು ಕೆಲಸ ಬಿಟ್ಟು ಹೋದರು, ಹೊಸಬರು ಬರಲಿಲ್ಲ. ಆಟದ ಸಾಮಾನಿನ ಕೋಣೆಯ ಕೀಲಿ ಹೇಗೂ ಸರ್ ಹತ್ತಿರ ಇರುತ್ತದೆ, ಪಕ್ಕದ ಕೋಣೆಯದೂ ಇರಲಿ ಎಂದು ಹೆಡ್‌ಮಿಸ್ಟ್ರೆಸ್ ಕಂಪ್ಯೂಟರ್ ಕೋಣೆಯನ್ನು ಅವರಿಗೆ ಒಪ್ಪಿಸಿದರು. ಬೀಗ ಹಾಕಿ ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಅವರಿಗೆ ಸುಮ್ಮನಿರುವುದು ಬರುತ್ತಿರಲಿಲ್ಲ. ಜಗತ್ತಿನ ದೊಡ್ಡ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಜನರನ್ನು ಹೇಗೆ ಆರಿಸಿಕೊಳ್ಳುತ್ತವೆ ಎಂಬ ವಿಡಿಯೊ ಒಂದನ್ನು ನೋಡಿ ಬಂದವರೇ ಪ್ರಾರ್ಥನೆ ಮುಗಿದ ಮೇಲೆ ಸೀಟಿ ಊದಿದರು.

"ಕಬಡ್ಡಿಗೆ ಎಂಟನೇ ಕ್ಲಾಸಿನಿಂದ ತಯಾರ್ ಮಾಡ್ತೀವಿ. ಇದಕ್ಕ ಯಾಕ ಇಂಜಿನಿಯರಿಂಗ್ ಮುಗಿಯೂತನಾ ಕಾಯ್ಬೇಕು? ನಾಳೆ ಮುಂಜಾನೆಯಿಂದ ಪ್ರಾಕ್ಟೀಸ್. ಬೂಟು ಹಾಕ್ಕೊಂಡು ಬರ್ರಿ."

ಕಂಪ್ಯೂಟರಿಗೆ ಬೂಟು ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಉತ್ತರ ಮರುದಿನ ಸಿಕ್ಕಿತು. ಕರೆಂಟ್ ಇರಲಿಲ್ಲ. ಸರ್ ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯಿಂದ ಮೈದಾನದಲ್ಲಿ ದೊಡ್ಡ ವೃತ್ತ ಬರೆದು, "ಇದು ಲೂಪ್. ಪ್ರೋಗ್ರಾಮ್ ಬರದಾವ್ರ ಅದರಾಗ ಓಡಬೇಕು. ಅಂದ್ರ ಅದರ ಕಷ್ಟ ತಿಳಿತೈತಿ" ಎಂದರು.

ಮೊದಲು ನಾನು ಬರೆದೆ. ಕೈಯಲ್ಲಿ ಐದು ಕಲ್ಲು ಆಗುವವರೆಗೆ ಸುತ್ತು ಹಾಕಬೇಕು, ಆದಮೇಲೆ ನಿಲ್ಲಬೇಕು. ಸೀಟಿ ಊದಿದರು. ಓಡಿದೆ. ಓಡುತ್ತಲೇ ಇದ್ದೆ. ಗೆಳತಿಯರು ನಗಲು ಶುರುಮಾಡಿದ ಮೇಲೆ ಕೂಗಿದೆ: "ಸರ್, ನಿಲ್ಲೂದು ಯಾವಾಗ್ರೀ?"

"ನನ್ನೇನ್ ಕೇಳ್ತಿ? ನೀ ಬರದಿದ್ದನ್ನ ಕೇಳು. ಕಲ್ಲು ತಗೋ ಅಂತ ಎಲ್ಲಿ ಬರದೀದಿ?"

ಬರೆದಿರಲಿಲ್ಲ. ಅದೇ ಹೊತ್ತಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಮಾರುಕಟ್ಟೆಗೆ ಹೊರಟಿದ್ದ ನನ್ನ ಅಜ್ಜಿ ನಾನು ಏದುಸಿರು ಬಿಡುವುದನ್ನು ಕಂಡು ನೆಟ್ಟಗೆ ಮೈದಾನಕ್ಕೆ ನುಗ್ಗಿದಳು.

"ಎದಕ್ಕ ಓಡಸಾಕತ್ತೀರಿ ನನ್ನ ಮೊಮ್ಮಗಳನ್ನ? ಏನ್ ತಪ್ಪು ಮಾಡ್ಯಾಳ?"

"ಕಲ್ಲು ತಗೊಳ್ಳೂದು ಮರ್ತಾಳ್ರೀ ಯವ್ವಾ."

"ಅಷ್ಟನಾ?" ಎಂದ ಅಜ್ಜಿ ಬಗ್ಗಿ ಒಂದು ಹಿಡಿ ಕಲ್ಲು ಬಾಚಿ ನನ್ನ ಕೈಗೆ ಸುರಿದಳು. ನಾನು ನಿಂತೆ. ಸರ್ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು.

ಇದೆಲ್ಲ ಊರಲ್ಲಿ ಸುದ್ದಿಯಾಗದೆ ಇರುತ್ತದೆಯೇ? ಪಾಲಕರ ಸಭೆಯಲ್ಲಿ ಔಷಧಿ ಅಂಗಡಿಯವರೊಬ್ಬರು ಎದ್ದು, "ಕಬಡ್ಡಿ ಮಾಸ್ತರ್ ಕಂಪ್ಯೂಟರ್ ಕಲಸ್ತಾರಂದ್ರ ಏನ್ರೀ ಇದು? ಖರೇ ಮಾಸ್ತರ್ ಬರೂತನಾ ಕೋಣಿಗೆ ಬೀಗ ಹಾಕ್ರಿ" ಎಂದರು. ಹಲವರು ಹೂಂಗುಟ್ಟಿದರು. ಹೆಡ್‌ಮಿಸ್ಟ್ರೆಸ್ ಮುಖ ನೋಡಿದರೆ ಬೀಗ ಬಿದ್ದಂತೆಯೇ ಕಾಣುತ್ತಿತ್ತು. ಬಾಗಿಲ ಹೊರಗೆ ನಿಂತಿದ್ದ ನಮಗೆ ಅಳು ಬರುವುದೊಂದು ಬಾಕಿ.

ಸರ್ ಎದ್ದು ಕೀಲಿಯನ್ನು ಮೇಜಿನ ಮೇಲೆ ಇಟ್ಟರು.

"ಅವರು ಹೇಳೂದು ಖರೇ ಐತ್ರಿ. ನನಗ ಬರಂಗಿಲ್ಲ. ಹುಡುಗ್ರ ಜೋಡಿ ಕಲಿಯಾಕತ್ತೇನಿ, ಅವರು ನನ್ಕಿಂತ ಒಂದು ಪಾಠ ಮುಂದ ಅದಾರ. ಬರಾವ್ರು ಯಾರರ ಇದ್ರ ಬರ್ರಿ, ಕೀಲಿ ತಗೋರಿ. ನಾನೂ ಬಂದು ಹುಡುಗ್ರ ಜೋಡಿ ಬೆಂಚಿನ ಮ್ಯಾಲ ಕುಂದರತೇನಿ."

ಔಷಧಿ ಅಂಗಡಿಯವರು ಫ್ಯಾನ್ ನೋಡತೊಡಗಿದರು. ಆಗ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕ ಮಾಡುವ ನನ್ನ ಅಪ್ಪ ಎದ್ದು ಹೋಗಿ ಕೀಲಿ ಕೈಗೆತ್ತಿಕೊಂಡ. ಜೀವಮಾನದಲ್ಲಿ ಅಪ್ಪ ಕಂಪ್ಯೂಟರ್ ಮುಟ್ಟಿದವನಲ್ಲ. ಅವನು ಕೀಲಿಯನ್ನು ಸರ್ ಕೈಯಲ್ಲೇ ಇಟ್ಟು, "ಬರಂಗಿಲ್ಲ ಅಂತ ಬಾಯಿಬಿಟ್ಟು ಹೇಳೂ ಮಾಸ್ತರ್ನ ಇವತ್ತ ನೋಡಿದೆ. ಇವ್ರ ಇರ್ಲಿ" ಎಂದು ಬಂದು ಕೂತ.

ಆದರೂ ಔಷಧಿ ಅಂಗಡಿಯವರ ಮಾತು ಸರ್ ಮನಸ್ಸಿಗೆ ನಾಟಿರಬೇಕು. ರಾಣೆಬೆನ್ನೂರಿನಲ್ಲಿದ್ದ ಇಂಜಿನಿಯರಿಂಗ್ ಕಾಲೇಜಿನ ಮೇಡಂ ಒಬ್ಬರನ್ನು ಹುಡುಕಿ, ಕಾಡಿ ಬೇಡಿ ಒಪ್ಪಿಸಿದರು. ಭಾನುವಾರ ಬಂತೆಂದರೆ ನಮ್ಮನ್ನು ರೈಲಿಗೆ ಹತ್ತಿಸಿಕೊಂಡು ಅವರ ಮನೆಗೆ ಕರೆದೊಯ್ಯುತ್ತಿದ್ದರು. ಮೇಡಂ ಪಾಠದ ಜೊತೆಗೆ ಅಭ್ಯಾಸಕ್ಕೆಂದು ಸುಳ್ಳು ಸಂದರ್ಶನವನ್ನೂ ಮಾಡುತ್ತಿದ್ದರು. "ನಿಮ್ಮ ದೌರ್ಬಲ್ಯ ಏನು?" ಎಂದು ಕೇಳಿದಾಗ ನಾನು ವಿಡಿಯೊ ನೋಡಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: "ನಾನು ಅತಿಯಾಗಿ ಶ್ರಮಪಡುತ್ತೇನೆ." ನನ್ನ ಹಿಂದಿನವಳೂ ಅದನ್ನೇ ಅಂದಳು. ಅವಳ ಹಿಂದಿನವಳೂ. ಕೊನೆಗೆ ಸರ್ ತಾವೂ ಕುರ್ಚಿಗೆ ಬಂದು ಕೂತರು.

"ನಿಮ್ಮ ದೌರ್ಬಲ್ಯ ಏನ್ರಿ ಸರ್?"

"ಬಲಗಾಲಿನ ಮಣಕಾಲ್ರೀ ಮೇಡಂ. ಮಳಿಗಾಲದಾಗ ಭಾಳ ತ್ರಾಸ ಕೊಡತೈತಿ."

ನಾವು ಬಿದ್ದು ಬಿದ್ದು ನಕ್ಕೆವು. ಮೇಡಂ ಕಣ್ಣೊರೆಸಿಕೊಂಡು, "ಇವತ್ತಿನ ಸಂದರ್ಶನದಾಗ ಪಾಸಾದವರು ಇವರೊಬ್ರ" ಎಂದರು.

ಹೈಸ್ಕೂಲು ಮುಗಿಯಿತು. ಹಾವೇರಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಸರ್ ಬಾಯಲ್ಲಿ ಸದಾ ಇರುತ್ತಿದ್ದ ದೊಡ್ಡ ಕಂಪನಿಯೊಂದು ನಿಜವಾಗಿಯೂ ನನ್ನನ್ನು ವಿಡಿಯೊ ಸಂದರ್ಶನಕ್ಕೆ ಕರೆಯಿತು. ಬ್ಯಾಡಗಿಯ ಮನೆಗೆ ಬಂದು ಕಿಟಕಿಗಳನ್ನೆಲ್ಲ ಮುಚ್ಚಿ ಕೂತೆ. ಮೆಣಸಿನಕಾಯಿ ಸುಗ್ಗಿಯ ಕಾಲ. ಘಾಟು ಕಿಟಕಿ ಮುಚ್ಚಿದರೆ ನಿಲ್ಲುವಂಥದ್ದಲ್ಲ. ಎರಡನೆಯ ಸುತ್ತಿನಲ್ಲಿ ಸೀನುತ್ತ ಸೀನುತ್ತಲೇ ಕೇಳಿದ ಪ್ರಶ್ನೆಗೆ ತಪ್ಪು ದಾರಿ ಹಿಡಿದೆ, ಕೊನೆಯವರೆಗೂ ಬಿಡಲಿಲ್ಲ. ಸಂಜೆಗೆ ಬೇಡವೆಂಬ ಉತ್ತರ ಬಂತು. ಸರ್‌ಗೆ ಫೋನ್ ಮಾಡಿ, "ಸರ್" ಎಂದೆ.

"ಸೋತಿಯೇನು?" ಎಂದರು.

"ಹೂಂ ಸರ್."

"ಸೋತ ತಂಡ ಏನ್ ಮಾಡತೈತಿ? ಎದರಿನವ್ರ ಕೈ ಕುಲುಕತೈತಿ, ಮನಿಗೆ ಬಂದು ಉಣ್ಣತೈತಿ. ನೀ ಉಂಡಿಯೇನು?"

"ಇಲ್ರಿ."

"ಮದ್ಲ ಉಣ್ಣು. ಅಳೂದು ಆಮ್ಯಾಲ ಅಳುವಂತಿ."

ಉಂಡ ಮೇಲೆ ಅಳು ಬರಲೇ ಇಲ್ಲ.

ಮುಂದಿನ ವರ್ಷ ಅಂಥದೇ ಇನ್ನೊಂದು ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಅಷ್ಟರಲ್ಲಿ ಸರ್ ನಿವೃತ್ತರಾಗಿ ತಮ್ಮ ಊರು ಮೇಡ್ಲೇರಿ ಸೇರಿದ್ದರು. ಪೇಡೆ ತೆಗೆದುಕೊಂಡು ಹೋದೆ. ಹೊಲದಲ್ಲಿ ನೀರು ಹಾಯಿಸುತ್ತಿದ್ದರು. ಸುದ್ದಿ ಕೇಳಿ ಕೆಸರುಗೈಯಲ್ಲೇ ನನ್ನ ತಲೆ ಮುಟ್ಟಿದರು. ಆಮೇಲೆ ಬದುವಿನ ಮೇಲೆ ಕೂತು ಸ್ವಲ್ಪ ನಾಚಿಕೊಂಡು ಹೇಳಿದರು:

"ನಿನಗ ಮದ್ಲ ಬ್ಯಾಡ ಅಂದ್ರಲ್ಲ, ಆ ಕಂಪನಿಗೆ ನಾನೂ ಅರ್ಜಿ ಹಾಕಿದ್ದೆ."

"ನೀವಾ? ಯಾಕ್ರೀ ಸರ್?"

"ಇಷ್ಟು ಮಂದಿನ್ನ ತಯಾರ್ ಮಾಡ್ದೆ, ಒಳಗ ಏನ್ ಕೇಳ್ತಾರಂತ ಒಮ್ಮೆರ ನೋಡಬೇಕಂತ ಅನಸ್ತು. ಆನ್‌ಲೈನ್ ಪರೀಕ್ಷಾ ಕೊಟ್ರು. ಮದ್ಲನೇ ಪ್ರಶ್ನಿಗೆ ಔಟ್." ಮೊಬೈಲ್ ತೆಗೆದು ಬಂದ ಉತ್ತರವನ್ನು ತೋರಿಸಿದರು. "ನೋಡಿಲ್ಲೆ, ಎಷ್ಟು ಮರ್ಯಾದಿಲೆ ಬ್ಯಾಡಂದಾರ!"

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವರು ನನ್ನ ಕಡೆ ಬಗ್ಗಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಕೇಳಿದರು: "ಎರಡನೇದು ಏನಿತ್ತು?"

ನಾನು ಹೇಳಿದೆ. ಅವರು ಒಂದು ಕಡ್ಡಿ ಹುಡುಕಿ ಹಸಿ ಮಣ್ಣಿನ ಮೇಲೆ ಬರೆಯತೊಡಗಿದರು. ಮೊದಲ ಸಾಲೇ ತಪ್ಪಿತ್ತು. ಬಾಯಿ ತೆರೆದೆ. "ತಡಿ, ಹೇಳಬ್ಯಾಡ" ಎಂದು ಕೈ ಅಡ್ಡ ಹಿಡಿದರು. ಅಳಿಸಿದರು, ಮತ್ತೆ ಬರೆದರು. ಈ ಕಡೆ ಮಡಿ ತುಂಬಿ ನೀರು ಕಾಲುದಾರಿಯ ಮೇಲೆ ಹರಿಯುತ್ತಿತ್ತು. ಅವರಿಗೆ ಅದರ ಖಬರಿಲ್ಲ. ನಾನು ಚಪ್ಪಲಿ ಬಿಟ್ಟು ಕೆಳಗಿಳಿದು, ಅವರ ಸಲಿಕೆ ತೆಗೆದುಕೊಂಡು, ನೀರನ್ನು ಪಕ್ಕದ ಮಡಿಗೆ ತಿರುಗಿಸಿದೆ.